ರೋಮ್ ಬೀದಿಗಳಲ್ಲಿ ನೀರಿನ ಜಾಡು ಹಿಡಿದು

ಭಾನುವಾರ

ಕೋಲಾರದ ಮನೆಯಿಂದ ನಡುರಾತ್ರಿ ಹೊರಟು, ದೇವನಹಳ್ಳಿಯಲ್ಲಿ ವಿಮಾನ ಹತ್ತಿ, ದೋಹಾದಲ್ಲಿ ಬದಲಾಯಿಸಿ ರೋಮ್ ಮುಟ್ಟುವಾಗ ಮಧ್ಯಾಹ್ನವಾಗಿತ್ತು. 2025ರ ಮೇ ತಿಂಗಳ ಕೊನೆ. ಕ್ಯಾಥೊಲಿಕ್ ಕ್ರೈಸ್ತರಿಗೆ ಇಪ್ಪತ್ತೈದು ವರ್ಷಕ್ಕೊಮ್ಮೆ ಬರುವ ಜುಬಿಲಿ ವರ್ಷವಾದ್ದರಿಂದ ವಿಮಾನದಲ್ಲಿಯೂ ಊರಿನಲ್ಲಿಯೂ ಯಾತ್ರಿಕರೇ ತುಂಬಿದ್ದರು. ವೀಸಾ, ಟಿಕೆಟ್, ವಸತಿ ಎಲ್ಲವನ್ನೂ ನಮ್ಮವರು ಸಂಕ್ರಾಂತಿಯ ಹೊತ್ತಿಗೇ ನೋಡಿಕೊಂಡಿದ್ದರು. ಅಮ್ಮನ ಷರತ್ತು ಒಂದೇ ಆಗಿತ್ತು: "ಒಲೆ ಇಲ್ಲದ ಮನೆಯಾದರೆ ನಾನು ಬರುವುದಿಲ್ಲ." ಹಾಗಾಗಿ ಟರ್ಮಿನಿ ರೈಲು ನಿಲ್ದಾಣದ ಹತ್ತಿರ ಅಡುಗೆಮನೆಯಿರುವ ಪುಟ್ಟ ಮನೆ ಹಿಡಿದಿದ್ದೆವು. ಅಮ್ಮನ ಚೀಲದಲ್ಲಿ ರಾಗಿ ಹಿಟ್ಟು, ಹುರಿಹಿಟ್ಟು, ತೊಗರಿಬೇಳೆ, ಸಾರಿನ ಪುಡಿ, ಹುಣಸೆಹಣ್ಣು ಎಲ್ಲವೂ ಇದ್ದವು. ತುಪ್ಪದ ಡಬ್ಬಿಯನ್ನು ಮಾತ್ರ ಮನೆಯಲ್ಲೇ ಬಿಡಿಸಿದ್ದೆ. ಐರೋಪ್ಯ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲ; ಹೋಗುವವರು ಇದನ್ನು ನೆನಪಿಡಬೇಕು.

ಸಂಜೆ ಏಳಾದರೂ ಬಿಸಿಲಿತ್ತು. ಕಾಲು ಸಡಿಲಿಸಿಕೊಳ್ಳೋಣವೆಂದು ಕೆಳಗಿಳಿದರೆ ಬೀದಿಯ ತಿರುವಿನಲ್ಲೇ ಅದು ಕಾಣಿಸಿತು: ಸೊಂಟದೆತ್ತರದ ಎರಕದ ಕಬ್ಬಿಣದ ಕಂಬ, ಅದರಿಂದ ಬಾಗಿ ಇಳಿದ ಒಂದು ಕೊಳವೆ, ಕೊಳವೆಯಿಂದ ಬೆರಳು ದಪ್ಪದ ನೀರಿನ ಧಾರೆ. ನಲ್ಲಿ ಇಲ್ಲ, ತಿರುಪು ಇಲ್ಲ. ನೀರು ಹಗಲಿರುಳು ಸುರಿದು ಕೆಳಗಿನ ಜಾಲರಿಯಲ್ಲಿ ಇಳಿದು ಹೋಗುತ್ತದೆ. ಅಪ್ಪ ಅಲ್ಲಿಯೇ ನಿಂತುಬಿಟ್ಟರು. ಕಂಬದ ಸುತ್ತ ಒಂದು ಸುತ್ತು ಬಂದರು, ಹಿಂಭಾಗವನ್ನು ಕೈಯಿಂದ ತಡವಿದರು.

"ಇದನ್ನು ನಿಲ್ಲಿಸುವವರು ಯಾರೂ ಇಲ್ಲವೇನಮ್ಮ?"

ಅಪ್ಪನ ಸಂಕಟ ನನಗೆ ಅರ್ಥವಾಗುತ್ತದೆ. ನಮ್ಮದು ನದಿಯಿಲ್ಲದ ಸೀಮೆ. ಸಾವಿರದ ಐನೂರು ಅಡಿ ಕೊರೆಸಿದರೂ ದೂಳು ಹಾರಿದ ಕೊಳವೆ ಬಾವಿಗಳು ನಮ್ಮ ಹೊಲದಲ್ಲೇ ಇವೆ. ಅದಕ್ಕಿಂತ ಹೆಚ್ಚಾಗಿ, ಅಪ್ಪನ ತಾತ ನಮ್ಮೂರ ಕೆರೆಯ ನೀರುಗಂಟಿ. ತೂಬು ಎತ್ತುವುದು, ಇಳಿಸುವುದು, ಅಚ್ಚುಕಟ್ಟಿನ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವುದು ಅವರ ಕೆಲಸ. ಆ ಮನೆಯಲ್ಲಿ ಬೆಳೆದವರಿಗೆ ಹರಿದು ಹೋಗುವ ನೀರನ್ನು ನೋಡುತ್ತ ಸುಮ್ಮನಿರಲು ಆಗುವುದಿಲ್ಲ.

ನಾಯಿಯೊಂದಿಗೆ ಬಂದ ಹಿರಿಯ ಹೆಂಗಸೊಬ್ಬರು ನಮ್ಮನ್ನು ನೋಡಿ, ಈ ಜನರಿಗೆ ಕುಡಿಯಲು ಗೊತ್ತಾಗುತ್ತಿಲ್ಲ ಎಂದುಕೊಂಡಿರಬೇಕು. ಕೊಳವೆಯ ಬಾಯಿಯನ್ನು ತೋರುಬೆರಳಿನಿಂದ ಮುಚ್ಚಿದರು. ಕೊಳವೆಯ ಬೆನ್ನಿನ ಮೇಲೊಂದು ಸಣ್ಣ ತೂತಿದೆ; ಅಲ್ಲಿಂದ ನೀರು ಕಮಾನಿನಂತೆ ಮೇಲೆ ಚಿಮ್ಮಿತು. ಬಾಯಿ ಒಡ್ಡಿದರೆ ಸಾಕು, ಲೋಟ ಬೇಡ. ಮಗಳು ತಾನೂ ಮಾಡಲು ಹೋಗಿ ಬೆರಳನ್ನು ಜೋರಾಗಿ ಒತ್ತಿದಳು, ನೀರು ನೇರ ಅಜ್ಜಿಯ ಸೆರಗಿಗೆ ಹಾರಿತು. ಆ ತಾಯಿ ನಕ್ಕು, ಏನೋ ಹೇಳಿ, ನಾಯಿಗೂ ಕುಡಿಸಿಕೊಂಡು ಹೋದರು. ಊರಿನ ತುಂಬ ಇಂತಹ ಸುಮಾರು 2,500 ಕಂಬಗಳಿವೆ, ಮೊದಲಿನವು ಬಂದದ್ದು 1874ರಲ್ಲಿ. ಜನ ಇವನ್ನು ನಸೋನೆ ಎನ್ನುತ್ತಾರೆ. ಒಂದು ಖಾಲಿ ಬಾಟಲಿ ಚೀಲದಲ್ಲಿದ್ದರೆ ರೋಮ್‌ನಲ್ಲಿ ನೀರಿಗೆ ಕಾಸು ಕೊಡುವ ಪ್ರಸಂಗವೇ ಬರುವುದಿಲ್ಲ.

ಸೋಮವಾರ

ಇಡೀ ದಿನ ನಡೆದ ದಿನ ಇದು. ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟವರು ಮತ್ತೆ ಬಾಗಿಲು ತೆರೆದದ್ದು ರಾತ್ರಿ ಒಂಬತ್ತಕ್ಕೆ. ನಕ್ಷೆಯಲ್ಲಿ ಎಲ್ಲವೂ ಹತ್ತಿರವೇ: ಕೊಲೋಸಿಯಂನಿಂದ ಪ್ಯಾಂಥಿಯನ್, ಅಲ್ಲಿಂದ ಟ್ರೆವಿ, ಅಲ್ಲಿಂದ ಸ್ಪ್ಯಾನಿಷ್ ಮೆಟ್ಟಿಲು. ಆದರೆ ಹಳೆಯ ರೋಮ್‌ನ ಬೀದಿಗಳಿಗೆ ಹಾಸಿರುವುದು ಮುಷ್ಟಿಗಿಂತ ಸ್ವಲ್ಪ ದೊಡ್ಡದಾದ ಕರಿಕಲ್ಲಿನ ತುಂಡುಗಳು. ಅವುಗಳ ನಡುವಿನ ಸಂದು ಪ್ರತಿ ಹೆಜ್ಜೆಗೂ ಕಣಕಾಲನ್ನು ಒಂದೊಂದು ಕಡೆಗೆ ವಾಲಿಸುತ್ತದೆ. ಅಮ್ಮನಿಗೆ ಹೊರಡುವ ಮೊದಲೇ ಶೂ ಕೊಡಿಸಿ, ಒಂದು ತಿಂಗಳು ಕೋಲಾರಮ್ಮನ ಕೆರೆಯ ಕಡೆಗೆ ನಡೆಸಿ ಅಭ್ಯಾಸ ಮಾಡಿಸಿದ್ದು ಒಳ್ಳೆಯದಾಯಿತು. ಸೀರೆಯ ಕೆಳಗೆ ಬಿಳಿ ಶೂ ಹಾಕಿಕೊಂಡು ನಮ್ಮೆಲ್ಲರಿಗಿಂತ ಮುಂದೆ ನಡೆದರು, ಮಧ್ಯಾಹ್ನದವರೆಗೆ.

ಕೊಲೋಸಿಯಂಗೆ ಒಂಬತ್ತು ಗಂಟೆಯ ಟಿಕೆಟ್ ಇತ್ತು. ಟಿಕೆಟ್ಟಿನ ಮೇಲೆ ಹೆಸರು ಇರುತ್ತದೆ, ಬಾಗಿಲಲ್ಲಿ ಪಾಸ್‌ಪೋರ್ಟ್ ನೋಡಿಯೇ ಬಿಡುತ್ತಾರೆ, ಹಲವು ವಾರ ಮುಂಚೆಯೇ ಕಾದಿರಿಸದಿದ್ದರೆ ಸಿಗುವುದು ಕಷ್ಟ. ಒಳಗೆ ಕಂಡದ್ದನ್ನು ಎಲ್ಲರೂ ಬರೆದಿದ್ದಾರೆ. ಅಪ್ಪನಿಗೆ ಹಿಡಿಸಿದ ಒಂದು ಸಂಗತಿಯನ್ನು ಮಾತ್ರ ಹೇಳುತ್ತೇನೆ. ಕ್ರಿ.ಶ. 64ರ ದೊಡ್ಡ ಬೆಂಕಿಯ ನಂತರ ನೀರೋ ಚಕ್ರವರ್ತಿ ಇಲ್ಲೆಲ್ಲ ತನ್ನ ಅರಮನೆ ಹರಡಿದ. ಈ ತಗ್ಗಿನಲ್ಲಿ ಅವನೊಂದು ಕೊಳ ಮಾಡಿಸಿದ್ದ. ಅವನು ಸತ್ತ ಮೇಲೆ ಪಟ್ಟಕ್ಕೆ ಬಂದ ವೆಸ್ಪಾಸಿಯನ್ ಆ ಕೊಳವನ್ನು ಬತ್ತಿಸಿ, ಅದರ ಅಂಗಳದಲ್ಲೇ ಜನರಿಗಾಗಿ ಈ ರಂಗಮಂದಿರವನ್ನು ಕಟ್ಟಿಸಲು ಹಿಡಿದ. 80ರಲ್ಲಿ ಅವನ ಮಗ ಟೈಟಸ್‌ನ ಕಾಲಕ್ಕೆ ಬಾಗಿಲು ತೆರೆಯಿತು. ಇದನ್ನು ಮಗಳು ಮೊಬೈಲ್ ನೋಡಿ ಓದಿ ಹೇಳಿದಾಗ ಅಪ್ಪ ಕಟ್ಟೆಯ ಮೇಲಿನಿಂದ ಬಗ್ಗಿ ಕೆಳಗೆ ನೋಡಿದರು.

"ಕೆರೆಯಂಗಳ ಅನ್ನು. ನಮ್ಮ ಮೆಜೆಸ್ಟಿಕ್ ಬಸ್ ನಿಲ್ದಾಣದ ಹಾಗೆ. ಅದೂ ಧರ್ಮಾಂಬುಧಿ ಕೆರೆಯೇ ಅಲ್ಲವೇ? ಹಾಗಾದರೆ ಮಳೆ ಬಂದಾಗ ಇಲ್ಲಿಗೂ ನೀರು ನುಗ್ಗಿರಬೇಕು. ಎಲ್ಲಿ ಬಿಟ್ಟಿದ್ದಾರೆ ಚರಂಡಿ?"

ಅಲ್ಲಿಂದ ಮುಂದೆ ಅಪ್ಪ ಅರಮನೆ, ವಿಗ್ರಹ, ಕಂಬ ಯಾವುದನ್ನೂ ನೋಡಲಿಲ್ಲ. ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂಬುದನ್ನೇ ನೋಡಿದರು. ನಮ್ಮ ದಿನದ ದಾರಿಯೂ ಹಾಗೆಯೇ ತಿರುಗಿಕೊಂಡಿತು.

ಹನ್ನೊಂದರ ಹೊತ್ತಿಗೆ ಬಿಸಿಲು ಏರಿತು. ಹಳೆಯ ರೋಮ್‌ನ ಸಾರ್ವಜನಿಕ ಚೌಕಗಳಾದ ಫೋರಮ್‌ಗಳ ಪಕ್ಕದ ಅಗಲ ರಸ್ತೆಯಲ್ಲಿ ಕೊಡೆಯಾಕಾರದ ಪೈನ್ ಮರಗಳಿವೆ. ನೆರಳಿನ ಬೆಂಚೊಂದು ಸಿಕ್ಕಿತು. ಅಮ್ಮ ಸ್ಟೀಲ್ ಡಬ್ಬಿ ತೆಗೆದರು. ಹುರಿಹಿಟ್ಟಿಗೆ ಬೆಲ್ಲದ ಪುಡಿ ಮನೆಯಲ್ಲೇ ಬೆರೆಸಿ ತಂದಿದ್ದರು. ನಸೋನೆಯಿಂದ ಹಿಡಿದ ತಣ್ಣನೆಯ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ, ಬೆರಳ ತುದಿಯಿಂದ ಗಂಟು ಒಡೆದು, ಅಂಗೈಯಲ್ಲಿ ನಿಲ್ಲುವ ಹದಕ್ಕೆ ಬಂದಾಗ ಒಂದೊಂದು ಉಂಡೆ ಕೈಗಿಟ್ಟರು. ನೀರಿನ ತಣುವಿಗೆ ರಾಗಿಯ ಹುರಿದ ವಾಸನೆ ಇನ್ನಷ್ಟು ಎದ್ದು ಬಂತು. ಸ್ಮಾರಕಗಳ ಮೆಟ್ಟಿಲು, ಕಟ್ಟೆಗಳ ಮೇಲೆ ಕೂತು ತಿಂದರೆ ದಂಡ ಹಾಕುತ್ತಾರೆ, ಬೆಂಚಿನ ಮೇಲಾದರೆ ತೊಂದರೆಯಿಲ್ಲ.

ವೆನಿಸ್ ಚೌಕದ ವಾಹನಗಳ ಗದ್ದಲ ದಾಟಿ ಕಾಂಪೊ ದೆ ಫಿಯೋರಿಯ ಸಂತೆಗೆ ಹೋದೆವು. ಸಂತೆಯ ನಡುವೆ ಮುಸುಕು ಹೊದ್ದ ಜೊರ್ದಾನೊ ಬ್ರೂನೋನ ಪ್ರತಿಮೆ. ನಂಬಿದ್ದನ್ನು ಬಿಟ್ಟುಕೊಡದ ಆ ತತ್ವಜ್ಞಾನಿಯನ್ನು 1600ರಲ್ಲಿ ಇದೇ ಜಾಗದಲ್ಲಿ ಜೀವಂತ ಸುಟ್ಟರು. ಮಗಳು ಬಹಳ ಹೊತ್ತು ಅದರ ಮುಂದೆ ನಿಂತಳು. ಅಪ್ಪ ಮಾತ್ರ ಟೊಮೆಟೊ ರಾಶಿಯ ಕಡೆಗೆ. ಮೂವತ್ತು ವರ್ಷ ಟೊಮೆಟೊ ಬೆಳೆದು, ಕೋಲಾರದ ಮಾರುಕಟ್ಟೆಗೆ ಬಾಕ್ಸ್ ಬಾಕ್ಸ್ ಹಾಕಿದವರು. ಒಂದೇ ಅಂಗಡಿಯಲ್ಲಿ ಎಷ್ಟೊಂದು ಬಗೆ: ಉದ್ದನೆಯದು, ಕುಂಬಳದಂತೆ ಏಣು ಎದ್ದದ್ದು, ಗೊಂಚಲಿನಲ್ಲೇ ಬಿಟ್ಟ ಗೋಲಿ ಗಾತ್ರದ್ದು. ಅಭ್ಯಾಸದಂತೆ ಒಂದನ್ನು ಎತ್ತಿ ಹೆಬ್ಬೆರಳಿನಿಂದ ಒತ್ತಿದರು. ಅಂಗಡಿಯವರು ಕೈ ಅಡ್ಡ ಹಿಡಿದರು. ಇಲ್ಲಿ ಹಣ್ಣು ತರಕಾರಿಯನ್ನು ಗಿರಾಕಿ ಮುಟ್ಟುವಂತಿಲ್ಲ, ಬೇಕಾದ್ದನ್ನು ಬೆರಳು ಮಾಡಿ ತೋರಿಸಬೇಕು; ದೊಡ್ಡ ಅಂಗಡಿಗಳಲ್ಲಾದರೆ ಪ್ಲಾಸ್ಟಿಕ್ ಕೈಗವಸು ಹಾಕಿಕೊಂಡು ಆರಿಸಬೇಕು. ನಮ್ಮವರು ಮೊಬೈಲ್‌ನಲ್ಲಿ ಅಪ್ಪನ ತೋಟದ ಚಿತ್ರ ತೆಗೆದು ತೋರಿಸಿದರು: ಕೋಲು ಕಟ್ಟಿದ ಸಾಲು, ಹಣ್ಣಾದ ಗೊಂಚಲು, ನಡುವೆ ಟವೆಲ್ ಸುತ್ತಿದ ಅಪ್ಪ. ಅವರ ಮುಖವೇ ಬದಲಾಯಿತು. ಪಕ್ಕದ ಅಂಗಡಿಯವನನ್ನೂ ಕರೆದು ತೋರಿಸಿ, ತಾವೇ ಒಂದು ಹಣ್ಣನ್ನು ಕೊಯ್ದು ಅರ್ಧವನ್ನು ಅಪ್ಪನ ಕೈಗಿಟ್ಟರು. ಬೆಲೆ ಕಿಲೋಗೆ ಮೂರು ಯೂರೋ, ನಮ್ಮ ಲೆಕ್ಕಕ್ಕೆ ಮುನ್ನೂರು ರೂಪಾಯಿಯ ಹತ್ತಿರ. ಬೆಲೆ ಬಿದ್ದ ವರ್ಷ ಹದಿನೈದು ಕಿಲೋ ಬಾಕ್ಸಿಗೆ ಕೂಲಿ ಗಿಟ್ಟದೆ ಹಣ್ಣನ್ನು ರಸ್ತೆಬದಿಗೆ ಸುರಿದದ್ದು ಅಪ್ಪನಿಗೆ ನೆನಪಾಗಿರಬೇಕು. ಆ ಅರ್ಧ ಹಣ್ಣನ್ನು ನಿಧಾನವಾಗಿ ತಿಂದರು.

ಊಟಕ್ಕೆ ತೂಕದ ಪಿಜ್ಜಾ. ಉದ್ದನೆಯ ತಟ್ಟೆಯಲ್ಲಿ ಬೇಯಿಸಿಟ್ಟದ್ದನ್ನು ಎಷ್ಟು ಬೇಕೋ ಅಷ್ಟು ಕತ್ತರಿಯಲ್ಲಿ ಕತ್ತರಿಸಿ, ತೂಗಿ, ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಆಲೂಗಡ್ಡೆ ಹಾಕಿದ್ದು ಅಮ್ಮನಿಗೆ ಹಿಡಿಸಿತು. ಸಸ್ಯಾಹಾರಿಗಳಿಗೆ ಇದಕ್ಕಿಂತ ನೆಮ್ಮದಿಯ ಊಟ ರೋಮ್‌ನಲ್ಲಿ ಇಲ್ಲ. ಕಣ್ಣಿಗೆ ಕಾಣುವುದನ್ನೇ ಕೇಳಬಹುದು. ಕಾಫಿಯನ್ನು ನಿಂತು ಕುಡಿದರೆ ಅಗ್ಗ, ಕೂತರೆ ಅದಕ್ಕೇ ಹೆಚ್ಚು ಬೆಲೆ. ನಾವು ಕೂತೆವು. ಅಮ್ಮನ ಕಾಲಿಗೆ ಅದು ಬೇಕಿತ್ತು, ಕಾಫಿಯ ನೆಪದಲ್ಲಿ ಶೌಚಾಲಯವೂ ಸಿಕ್ಕಿತು.

ಪ್ಯಾಂಥಿಯನ್ ಮುಂದಿನ ಸಾಲಿನಲ್ಲಿ ನಿಂತಿದ್ದಾಗ ಮೋಡ ಕವಿಯಿತು. ಒಳಗೆ ಕಾಲಿಟ್ಟು ತಲೆಯೆತ್ತುವಷ್ಟರಲ್ಲಿ ಮಳೆ. ಆ ಗುಮ್ಮಟದ ನಡುನೆತ್ತಿಯಲ್ಲಿ ಸುಮಾರು ಒಂಬತ್ತು ಮೀಟರ್ ಅಗಲದ ತೆರೆದ ಕಿಂಡಿಯಿದೆ, ಮುಚ್ಚಳವಿಲ್ಲ. ನಲವತ್ತಮೂರು ಮೀಟರ್ ಎತ್ತರದಿಂದ ಮಳೆ ನೇರವಾಗಿ ದೇವಾಲಯದ ನಡುವೆ ಬೀಳುತ್ತಿತ್ತು, ಕಿಂಡಿಯ ಅಳತೆಗೆ ಸರಿಯಾಗಿ ದುಂಡಗೆ, ಸುತ್ತ ಜನ ಒಣಗಿದ ಅಮೃತಶಿಲೆಯ ಮೇಲೆ ನಿಂತು ನೋಡುತ್ತಿದ್ದರು. ಸಿಬ್ಬಂದಿ ನಡುಭಾಗಕ್ಕೆ ಹಗ್ಗ ಕಟ್ಟಿದ್ದರು. ಅಪ್ಪ ಹಗ್ಗದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತರು. ನೆಲ ನಡುವಿನಲ್ಲಿ ತುಸು ಉಬ್ಬಿ ಅಂಚಿಗೆ ಇಳಿದಿದೆ, ಕಲ್ಲಿನಲ್ಲೇ ಇಪ್ಪತ್ತಕ್ಕೂ ಹೆಚ್ಚು ಸಣ್ಣ ತೂತುಗಳಿವೆ. ಬಿದ್ದ ನೀರು ಒಂದು ಕ್ಷಣವೂ ನಿಲ್ಲದೆ ಆ ತೂತುಗಳ ಕಡೆಗೆ ತೆಳ್ಳಗೆ ಜಾರಿ, ಸುಳಿ ತಿರುಗಿ, ಒಳಗೆ ಇಳಿಯುತ್ತಿತ್ತು. "ಒಂದೂ ಕಟ್ಟಿಕೊಂಡಿಲ್ಲ ನೋಡು," ಎಂದರು ಅಪ್ಪ. "ಯಾರೋ ದಿನಾ ಗುಡಿಸುತ್ತಿದ್ದಾರೆ."

ಕಟ್ಟಡದ ಹಣೆಯ ಮೇಲೆ ಮೊದಲ ಚಕ್ರವರ್ತಿ ಅಗಸ್ಟಸ್‌ನ ಸೇನಾಪತಿ ಅಗ್ರಿಪ್ಪನ ಹೆಸರು ದೊಡ್ಡ ಅಕ್ಷರಗಳಲ್ಲಿದೆ. ಅವನು ಕಟ್ಟಿಸಿದ ಗುಡಿ ಸುಟ್ಟುಹೋಗಿ, ಈಗಿನದನ್ನು ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ ಮುಗಿಸಿದರೂ ಹಳೆಯ ಹೆಸರನ್ನು ಉಳಿಸಿಕೊಂಡಿದ್ದಾರೆ. ಇದೇ ಅಗ್ರಿಪ್ಪ ಪಕ್ಕದಲ್ಲೇ ಸ್ನಾನಗೃಹ ಕಟ್ಟಿಸಿ, ಅದಕ್ಕೆ ಊರಾಚೆಯ ಬುಗ್ಗೆಗಳಿಂದ ನೀರು ತಂದ. ಕ್ರಿ.ಪೂ. 19ರಲ್ಲಿ ಮುಗಿದ ಆ ಕಾಲುವೆ, ಅಕ್ವಾ ವರ್ಗೋ, ಸುಮಾರು ಇಪ್ಪತ್ತು ಕಿಲೋಮೀಟರ್, ಬಹುಪಾಲು ನೆಲದಡಿಯಲ್ಲಿ. ಪಂಪಿಲ್ಲ, ಇಳಿಜಾರೇ ಎಲ್ಲ. ಆ ದೂರಕ್ಕೆಲ್ಲ ಸೇರಿ ಇಳಿಯುವುದು ಕೆಲವೇ ಮೀಟರ್. ಇದನ್ನು ಕೇಳಿ ಅಪ್ಪ ಬೆರಗಾದರು. ಅರ್ಧ ಮೈಲಿಯ ಪೋಷಕ ಕಾಲುವೆಗೆ ಮಟ್ಟ ಹಿಡಿಯುವುದೇ ಎಷ್ಟು ಕಷ್ಟವೆಂಬುದು ಅವರಿಗೆ ಗೊತ್ತು. ಆರನೇ ಶತಮಾನದಲ್ಲಿ ಗಾಥ್ ಎಂಬ ಜನಾಂಗದ ಸೈನ್ಯ ನಗರವನ್ನು ಮುತ್ತಿ ಕಾಲುವೆಗಳನ್ನೆಲ್ಲ ಕಡಿಯಿತು. ಮುಂದೆ ಹಲವು ಸಲ ಹೂಳು ತುಂಬಿತು, 1453ರಲ್ಲಿ ಐದನೇ ನಿಕೋಲಸ್ ಪೋಪ್ ದುರಸ್ತಿ ಮಾಡಿಸಿದರು, ಆಮೇಲೂ ದುರಸ್ತಿಗಳು ನಡೆದವು. ಪ್ಯಾಂಥಿಯನ್‌ಗೆ ನಾವು ಹೋದಾಗ ಐದು ಯೂರೋ ಟಿಕೆಟ್ ಇತ್ತು, ಹದಿನೆಂಟು ತುಂಬದವರಿಗೆ ಟಿಕೆಟ್ ಬೇಕಿರಲಿಲ್ಲ.

ಮಳೆ ನಿಂತು, ಒದ್ದೆ ಕಲ್ಲುಗಳು ಜಾರತೊಡಗಿದವು. ಟ್ರೆವಿಯತ್ತ ನಡೆಯುವಾಗ ಅಮ್ಮ ನನ್ನ ತೋಳು ಹಿಡಿದರು, ಬಿಡಲಿಲ್ಲ. ಕಾರಂಜಿಯ ಕಟ್ಟೆಗೆ ಒಮ್ಮೆಗೆ ಇಷ್ಟೇ ಜನರೆಂದು ಲೆಕ್ಕ ಹಾಕಿ ಬಿಡುತ್ತಿದ್ದರು. ಇಪ್ಪತ್ತು ನಿಮಿಷ ಕಾದೆವು. 1762ರಲ್ಲಿ ಮುಗಿದ ಈ ಕಾರಂಜಿ ಅಗ್ರಿಪ್ಪನ ಆ ಕಾಲುವೆಯ ಕೊನೆ. ಕುದುರೆ, ಸಮುದ್ರದೇವತೆಗಳನ್ನು ಎಲ್ಲರೂ ನೋಡುತ್ತಾರೆ, ಮೇಲಿನ ಎರಡು ಉಬ್ಬುಶಿಲ್ಪಗಳನ್ನು ನೋಡುವವರು ಕಡಿಮೆ. ಎಡಗಡೆ ಅಗ್ರಿಪ್ಪ ಕಾಲುವೆಯ ಯೋಜನೆಯನ್ನು ನೋಡುತ್ತಿದ್ದಾನೆ. ಬಲಗಡೆ ಒಬ್ಬ ಹುಡುಗಿ ಬಾಯಾರಿದ ಸೈನಿಕರಿಗೆ ಬುಗ್ಗೆಯ ಜಾಗ ತೋರಿಸುತ್ತಿದ್ದಾಳೆ, ಐತಿಹ್ಯ ಹಾಗೆ. ಅಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ಅವಳನ್ನೇ ನೋಡಿ, "ಈ ಮಗುವಿಗೂ ಒಂದು ಗುಡಿ ಕಟ್ಟಬೇಕಿತ್ತು," ಎಂದರು. ಕೊಳದ ನೀರು ಕುಡಿಯುವುದಕ್ಕಲ್ಲ, ಆದರೆ ಬಲಬದಿಯಲ್ಲಿ ಕುಡಿಯುವ ನೀರಿನ ಸಣ್ಣ ಧಾರೆಯಿದೆ. ಅಮ್ಮ ಬೊಗಸೆಯೊಡ್ಡಿ ಕುಡಿದು, ಮಿಕ್ಕದ್ದನ್ನು ತಲೆಗೆ ಚಿಮುಕಿಸಿಕೊಂಡರು. ಅಂತರಗಂಗೆಯಲ್ಲಿ ಬಸವನ ಬಾಯಿಂದ ಬೀಳುವ ನೀರಿಗೂ ಅವರು ಮಾಡುವುದು ಇದನ್ನೇ. ನಾಣ್ಯವನ್ನೂ ಹಾಕಿದರು. ಅಲ್ಲಿ ಬೀಳುವ ನಾಣ್ಯಗಳನ್ನು ಕ್ಯಾಥೊಲಿಕ್ ಸೇವಾಸಂಸ್ಥೆಯೊಂದಕ್ಕೆ ಬಡವರಿಗಾಗಿ ಕೊಡುತ್ತಾರೆಂದು ತಿಳಿದ ಮೇಲೆ ಇನ್ನೊಂದು ಹಾಕಿದರು.

ಸ್ಪ್ಯಾನಿಷ್ ಮೆಟ್ಟಿಲು ಮುಟ್ಟುವಾಗ ಮಗಳ ಮೊಬೈಲ್ ಇಪ್ಪತ್ತು ಸಾವಿರ ಹೆಜ್ಜೆ ದಾಟಿದೆಯೆಂದು ತೋರಿಸುತ್ತಿತ್ತು. ಅಮ್ಮ ಎರಡನೆಯ ಮೆಟ್ಟಿಲಿನ ಮೇಲೆ ಕೂತೇಬಿಟ್ಟರು. ಕೂಡಲೇ ಸೀಟಿ! 2019ರಿಂದ ಇಲ್ಲಿ ಕೂರುವುದಕ್ಕೆ ನಿಷೇಧವಿದೆ, ದಂಡ ನೂರಾರು ಯೂರೋ. ಸಮವಸ್ತ್ರದ ಹುಡುಗಿಯೊಬ್ಬಳು ಬಂದು, ಅಮ್ಮನ ಮುಖ ನೋಡಿ, ದಂಡದ ಮಾತೆತ್ತದೆ ಕೈಕೊಟ್ಟು ಎಬ್ಬಿಸಿದಳು. ಕೆಳಗಿನ ಕಾರಂಜಿಯ ಕಡೆಗೆ ತಾನೇ ನಡೆಸಿಕೊಂಡು ಹೋದಳು. ಅಮ್ಮ ಕನ್ನಡದಲ್ಲೇ "ಚೆನ್ನಾಗಿರು ತಾಯಿ" ಎಂದರು. ಅವಳಿಗೆ ತಿಳಿಯಿತು ಅನ್ನಿಸುತ್ತದೆ.

ಆ ಕಾರಂಜಿ ಅರ್ಧ ಮುಳುಗಿದ ದೋಣಿಯ ಆಕಾರದಲ್ಲಿ ನೆಲಮಟ್ಟಕ್ಕಿಂತ ತಗ್ಗಿನಲ್ಲಿದೆ. 1620ರ ದಶಕದಲ್ಲಿ ಶಿಲ್ಪಿ ಪಿಯೆತ್ರೊ ಬರ್ನಿನಿ ಇದನ್ನು ಮಾಡಿದಾಗ ಇಲ್ಲಿಗೆ ಬರುತ್ತಿದ್ದುದೂ ಅದೇ ಅಕ್ವಾ ವರ್ಗೋ ನೀರು, ಆದರೆ ಒತ್ತಡ ಕಡಿಮೆ, ಮೇಲಕ್ಕೆ ಚಿಮ್ಮುವಂತಿರಲಿಲ್ಲ. ಚಿಮ್ಮದ ನೀರಿಗೆ ತಕ್ಕಂತೆ ದೋಣಿಯನ್ನೇ ಕೆಳಗಿಳಿಸಿದ. ದಿನದಲ್ಲಿ ನೋಡಿದ್ದರಲ್ಲೆಲ್ಲ ಅಪ್ಪನಿಗೆ ಮೆಚ್ಚುಗೆಯಾದದ್ದು ಇದೇ. ನನಗೂ.

ಅಲ್ಲಿಂದ ಮನೆಗೆ ನಡೆಯುವ ಮಾತೇ ಇರಲಿಲ್ಲ. ಮೆಟ್ಟಿಲ ಪಕ್ಕದಲ್ಲೇ ಮೆಟ್ರೋ. ಬ್ಯಾಂಕ್ ಕಾರ್ಡನ್ನೇ ತಾಗಿಸಿ ಒಳಗೆ ಹೋಗಬಹುದು, ಒಂದೂವರೆ ಯೂರೋ. ಮನೆಯಲ್ಲಿ ಬಕೆಟ್ ಇರಲಿಲ್ಲ. ನಮ್ಮವರು ದೊಡ್ಡ ಪಾತ್ರೆಯಲ್ಲಿ ನೀರು ಬಿಸಿ ಮಾಡಿ ಉಪ್ಪು ಹಾಕಿ ತಂದಿಟ್ಟರು, ಅಪ್ಪ ಅಮ್ಮ ಸರದಿಯಲ್ಲಿ ಪಾದ ಮುಳುಗಿಸಿದರು.

ಮಂಗಳವಾರ

ಅಮ್ಮನ ಪಾದ ಊದಿತ್ತು. ಅವರು ಮನೆಯಲ್ಲೇ ಉಳಿಯುವೆನೆಂದರು, ನಮ್ಮವರೂ ಜೊತೆಗೆ ಉಳಿದರು. ನಾನು, ಅಪ್ಪ, ಮಗಳು ಮೆಟ್ರೋ ಹಿಡಿದು ಊರಾಚೆಯ ಕಾಲುವೆಗಳ ಉದ್ಯಾನಕ್ಕೆ ಹೋದೆವು. ಗೋಪುರದೆತ್ತರದ ಕಮಾನುಗಳು ಹುಲ್ಲುಗಾವಲಿನಲ್ಲಿ ಸಾಲಾಗಿ ನಿಂತಿವೆ: ಅಕ್ವಾ ಕ್ಲಾಡಿಯಾ, ಕ್ರಿ.ಶ. 38ರಲ್ಲಿ ಶುರುವಾಗಿ 52ರಲ್ಲಿ ಮುಗಿದದ್ದು, ಅರವತ್ತೊಂಬತ್ತು ಕಿಲೋಮೀಟರ್ ಉದ್ದ. ಟಿಕೆಟ್ ಇಲ್ಲ, ಗದ್ದಲವಿಲ್ಲ, ಓಡುವವರು, ನಾಯಿ ತಂದವರು, ಅಷ್ಟೇ.

ನೆರಳಿನಲ್ಲಿ ಕೂತು ಮಗಳು ಕೇಳಿದಳು, "ತಾತ, ನಿಮ್ಮ ತಾತನ ಹಾಗೆ ಇಲ್ಲಿಯೂ ನೀರುಗಂಟಿ ಇದ್ದರಾ?" ಇದ್ದರು. 97ರಲ್ಲಿ ಫ್ರಾಂಟಿನಸ್ ಎಂಬವನು ರೋಮ್‌ನ ನೀರಿನ ಮುಖ್ಯಾಧಿಕಾರಿಯಾಗಿದ್ದ. ಯಾವ ಕಾಲುವೆಯಲ್ಲಿ ಎಷ್ಟು ನೀರು, ಯಾರು ಕಳ್ಳ ಕೊಳವೆ ಹಾಕಿ ಕದಿಯುತ್ತಿದ್ದಾರೆ ಎಂಬುದನ್ನೆಲ್ಲ ಬರೆದಿಟ್ಟ. ಅಪ್ಪನಿಗೆ ಕದಿಯುವ ಮಾತು ಹೊಸದಲ್ಲ. ಅವರ ತಾತ ರಾತ್ರಿ ಲಾಟೀನು ಹಿಡಿದು ಕಾಲುವೆಯುದ್ದಕ್ಕೂ ನಡೆಯುತ್ತಿದ್ದುದು, ಬದು ಒಡೆದು ನೀರು ತಿರುಗಿಸಿಕೊಂಡವರು ದೊಡ್ಡ ಜಮೀನಿನವರಾದರೂ ಮುಖ ನೋಡದೆ ಮುಚ್ಚುತ್ತಿದ್ದುದು, ಸುಗ್ಗಿಯಲ್ಲಿ ಕಣದಲ್ಲೇ ಅವರ ಪಾಲಿನ ಭತ್ತ ಅಳೆದು ಕೊಡುತ್ತಿದ್ದುದು, ಎಲ್ಲವನ್ನೂ ಮೊಮ್ಮಗಳಿಗೆ ಹೇಳಿದರು. ಕೊಳವೆ ಬಾವಿ ಬಂದ ಮೇಲೆ ತೂಬಿಗೆ ಕೆಲಸವಿಲ್ಲವಾಯಿತು, ನೀರುಗಂಟಿಗೂ ಇಲ್ಲವಾಯಿತು, ಪೋಷಕ ಕಾಲುವೆಯ ಮೇಲೆ ಮನೆಗಳೆದ್ದವು. ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬರುತ್ತಿದೆ; ಅಂತರ್ಜಲ ಏರಿದೆ, ಒಪ್ಪುತ್ತೇನೆ. ಆದರೆ ನಮ್ಮ ಕೆರೆಗಳಿಗೆ ದಿನಾ ನೋಡಿಕೊಳ್ಳುವ ಒಬ್ಬ ಮನುಷ್ಯ ಬೇಕು. ಇಲ್ಲಿಯೂ ನೀರು ತಾನಾಗಿ ಉಳಿದದ್ದಲ್ಲ. ಇಂದು ನಗರದ ಕುಡಿಯುವ ನೀರಿನ ಬಹುಪಾಲು ಬರುವುದು ಪೆಸ್ಕಿಯೇರಾ ಬುಗ್ಗೆಗಳ ಹೊಸ ಕಾಲುವೆಯಿಂದ. 2017ರ ಬರದಲ್ಲಿ ನಸೋನೆಗಳನ್ನೂ ಒಂದೊಂದಾಗಿ ಮುಚ್ಚಬೇಕಾಯಿತು. ಅದನ್ನು ಕೇಳಿದ ಮೇಲೆಯೇ ಅಪ್ಪನಿಗೆ ಭಾನುವಾರದ ಸಂಕಟ ಸ್ವಲ್ಪ ಇಳಿದದ್ದು: "ಹಾಗಾದರೆ ಮುಚ್ಚಲು ಬರುತ್ತದೆ."

ಹಿಂದಿರುಗುವಾಗ ಟರ್ಮಿನಿ ಹತ್ತಿರದ ಎಸ್ಕ್ವಿಲಿನೊ ಮಾರುಕಟ್ಟೆಗೆ ಹೋದೆವು. ಅಲ್ಲಿ ಕರಿಬೇವು, ಹಸಿಮೆಣಸಿನಕಾಯಿ, ಬೆಂಡೆಕಾಯಿ, ಹಾಗಲಕಾಯಿ ಎಲ್ಲವೂ ಇವೆ, ಅಂಗಡಿಯವರಲ್ಲಿ ಬಹಳ ಜನ ಬಾಂಗ್ಲಾದೇಶದವರು. ಹಿಂದಿಯಲ್ಲಿ ಮಾತು ಶುರುವಾಯಿತು. ಬೆಂಡೆಕಾಯಿ ಎಲ್ಲಿಯದೆಂದು ಅಪ್ಪ ಕೇಳಿದ್ದಕ್ಕೆ, ರೋಮ್‌ನ ದಕ್ಷಿಣಕ್ಕೆ ಲತೀನಾ ಕಡೆಯ ಹೊಲಗಳದ್ದು, ಅಲ್ಲಿ ದುಡಿಯುವವರು ನಿಮ್ಮ ಪಂಜಾಬಿನವರೇ ಎಂದರು ಅಂಗಡಿಯವರು. ಹನ್ನೆರಡು ವರ್ಷದಿಂದ ಇಲ್ಲಿದ್ದಾರಂತೆ, ತಾಯಿಯನ್ನು ನೋಡಿ ನಾಲ್ಕು ವರ್ಷವಾಯಿತಂತೆ. ಅಪ್ಪನಿಗೆ ಟೊಮೆಟೊ ಮುಟ್ಟಿ ಆರಿಸಲು ಬಿಟ್ಟರು. ಕೊತ್ತಂಬರಿ ಕಟ್ಟಿಗೆ ದುಡ್ಡು ತೆಗೆದುಕೊಳ್ಳಲೇ ಇಲ್ಲ.

ಮನೆಯಲ್ಲಿ ಅಮ್ಮ ಆಗಲೇ ಬೇಳೆ ಬೇಯಲಿಟ್ಟಿದ್ದರು. ಮುದ್ದೆಕೋಲಿಲ್ಲ, ಮರದ ಸೌಟಿನ ಹಿಡಿಯಿಂದಲೇ ತಿರುವಿದರು. ಒಲೆ ವಿದ್ಯುತ್ತಿನದಾದ್ದರಿಂದ ಹದ ಬರುವುದು ತಡವಾಯಿತು, ಒಂದು ಮುದ್ದೆಯಲ್ಲಿ ಗಂಟು ಉಳಿಯಿತು, ಅದನ್ನು ತಾವೇ ಇಟ್ಟುಕೊಂಡರು. ಟೊಮೆಟೊ ಸಾರಿನ ಮೊದಲ ಗುಟುಕಿಗೆ ಎಲ್ಲರೂ ಅಪ್ಪನ ಮುಖ ನೋಡಿದೆವು.

"ತಿರುಳು ದಪ್ಪ, ಬೀಜ ಕಡಿಮೆ. ಅವರ ಪಿಜ್ಜಾಕ್ಕೆ ಸರಿ. ಸಾರಿಗೆ ಹುಳಿ ಸಾಲದು," ಎಂದರು. ಅಮ್ಮ ಹುಣಸೆಹಣ್ಣಿನ ಪೊಟ್ಟಣ ಬಿಚ್ಚಿದರು.